ಅತ್ತಿಗೆಯ ಸ್ಟೂಲು

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೊದಲು ಒಂದು ಚೌಕ ಕೆಂಪಾಯಿತು. ಕೈಚೀಲವನ್ನು ಹೆಗಲಿನಿಂದ ಇನ್ನೂ ಇಳಿಸದೆ ಬಾಗಿಲಲ್ಲೇ ನಿಂತಿದ್ದ ಅತ್ತಿಗೆ ಅದನ್ನು ಕಂಡಳು. ನೋಡುತ್ತಿದ್ದ ಹಾಗೆಯೇ ಅದರ ಪಕ್ಕದ ಚೌಕ ಕೆಂಪಾಯಿತು, ಆಮೇಲೆ ಅದರ ಕೆಳಗಿನದು. ಮನೆಯವರು ಮಲಗುವ ಮುಂಚೆ ಒಂದೊಂದೇ ದೀಪ ಆರಿಸುತ್ತ ಹೋದ ಹಾಗೆ, ಹನ್ನೊಂದು ಚೌಕಗಳ ಹಸಿರೂ ಹೋಯಿತು. ಕಾಫಿ ಯಂತ್ರದ ಹತ್ತಿರ ಹರಟುತ್ತಿದ್ದವರು ಮಾತು ನಿಲ್ಲಿಸಿದರು. ಆ ಪರದೆ ಪೂರ್ತಿ ಕೆಂಪಾಗಿದ್ದನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ.

ಅವಳನ್ನು ಕಚೇರಿಗೆ ಕಚೇರಿಯೇ ಅತ್ತಿಗೆ ಎಂದು ಕರೆಯುತ್ತಿತ್ತು. ಅವಳ ಮೈದುನನೂ ಅಲ್ಲೇ ಕೆಲಸಕ್ಕಿದ್ದ. ಸೇರಿದ ಮೊದಲ ದಿನವೇ ಅಭ್ಯಾಸ ತಪ್ಪದೆ, ಎಲ್ಲರೆದುರಿಗೆ, "ಅತ್ತಿಗೆ, ಇದರ ಪಾಸ್‌ವರ್ಡ್ ಏನು?" ಎಂದು ಕೂಗಿ ಕೇಳಿದ್ದ. ಅಂದಿನಿಂದ ಅವಳು ಎಲ್ಲರಿಗೂ ಅತ್ತಿಗೆ. ಅವಳಿಗಿಂತ ವಯಸ್ಸಾದವರೂ ಹಾಗೆಯೇ ಕರೆಯುತ್ತಿದ್ದರು. ಮ್ಯಾನೇಜರು ಮಾತ್ರ ಕೆಲವು ದಿನ ಹೆಸರು ಹಿಡಿದು ಕರೆದು ನೋಡಿದರು. ಯಾರೂ ತಿರುಗಿ ನೋಡದಿದ್ದಾಗ ಅವರೂ ಸೋತು ಅತ್ತಿಗೆ ಎನ್ನತೊಡಗಿದರು.

ಅದು ವಾಹನಗಳಿಗೆ ಬೇಕಾದ ಸಾಫ್ಟ್‌ವೇರ್ ಮಾಡುವ ಕಚೇರಿ. ಆಂಬುಲೆನ್ಸಿಗೊಂದು, ಶಾಲೆಯ ಬಸ್ಸಿಗೊಂದು, ಪಾರ್ಸೆಲ್ ವ್ಯಾನಿಗೊಂದು, ಹೀಗೆ ಹನ್ನೊಂದು ಪ್ರಾಜೆಕ್ಟುಗಳು. ಉದ್ದನೆಯ ಓಣಿಯಂಥ ಮೊಗಸಾಲೆಯ ಎರಡೂ ಕಡೆ ಅವುಗಳ ಕೋಣೆಗಳು. ಹತ್ತಾರು ಜನ ಬರೆದದ್ದನ್ನು ಒಟ್ಟು ಸೇರಿಸಿ, ಪರೀಕ್ಷೆ ಮಾಡಿ, ಓಡುವ ಹಾಗೆ ಕಟ್ಟುವುದಕ್ಕೆ ಅವರು ಬಿಲ್ಡ್ ಎನ್ನುತ್ತಾರೆ. ಅದು ಸರಿಯಾಗಿ ಮುಗಿದರೆ ಗೋಡೆಯ ಪರದೆಯಲ್ಲಿ ಆ ಕೋಣೆಯ ಚೌಕ ಹಸಿರು, ನಡುವೆ ನಿಂತರೆ ಕೆಂಪು. ಕಟ್ಟುವುದು ಯಂತ್ರವೇ. ಆದರೆ ಯಾವ ಸಲಕರಣೆ ತೆಗೆದುಕೊಳ್ಳಬೇಕು, ಯಾವುದನ್ನು ಮೊದಲು ಕಟ್ಟಬೇಕು, ಎಂಥ ತಪ್ಪು ಕಂಡರೆ ನಿಲ್ಲಬೇಕು ಎಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ. ಆ ಮಾತುಗಳನ್ನು ಬರೆದಿಡುವ ಫೈಲು ಮೊದಲು ಕೋಣೆಗೊಂದು ಇತ್ತು. ಹೊಸ ಪ್ರಾಜೆಕ್ಟು ಶುರುವಾದಾಗ ಪಕ್ಕದ ಕೋಣೆಯಿಂದ ನಕಲು ತಂದುಕೊಳ್ಳುವುದು, ಆಮೇಲೆ ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು. ಹೀಗೆ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಊರು ಸೇರಿ ಮಾತೇ ಬದಲಾದ ಹಾಗೆ ಆಗಿತ್ತು.

ಅತ್ತಿಗೆ ಹೊಸದಾಗಿ ಬಂದಾಗ ಊಟದ ಮೇಜಿನಲ್ಲಿ ಬಸ್ಸಿನ ಕೋಣೆಯವನೊಬ್ಬ, ವ್ಯಾನಿನ ಕೋಣೆಯವಳೊಬ್ಬಳು ಅಕ್ಕಪಕ್ಕ ಕೂತು ತಮ್ಮ ತಮ್ಮ ಗೋಳು ಹೇಳಿಕೊಳ್ಳುವುದನ್ನು ಕೇಳಿಸಿಕೊಂಡಿದ್ದಳು. ಇಬ್ಬರ ಗೋಳೂ ಒಂದೇ. ಅವನಿಗೆ ಅದಕ್ಕೆ ಪರಿಹಾರ ಸಿಕ್ಕಿತ್ತು, ಅವಳಿಗೆ ಸಿಕ್ಕಿರಲಿಲ್ಲ. ಇಬ್ಬರಿಗೂ ಅದು ಗೊತ್ತಾಗದೆ ತಟ್ಟೆ ತೊಳೆದು ಎದ್ದುಹೋದರು. ಆ ದಿನವೇ ಅತ್ತಿಗೆ ಕೆಲಸ ಶುರುಮಾಡಿದಳು. ಹನ್ನೊಂದು ಫೈಲುಗಳನ್ನೂ ಪಕ್ಕ ಪಕ್ಕ ಹರಡಿಕೊಂಡು, ಎಲ್ಲದರಲ್ಲೂ ಇರುವುದನ್ನು ಆರಿಸಿ, ಒಂದೇ ಕಡೆ ಬರೆದಳು. ಅದು ಕಾಮನ್ ಫೈಲು. ಅದನ್ನು ಒಪ್ಪಿದ ಕೋಣೆಯ ಫೈಲಿನಲ್ಲಿ ಒಂದು ಸಾಲು ಇದ್ದರೆ ಸಾಕು: ಮಿಕ್ಕಿದ್ದನ್ನೆಲ್ಲ ಅಲ್ಲಿಂದ ತೆಗೆದುಕೋ, ಎಂದು. ಅದರ ಕೆಳಗೆ ಆ ಕೋಣೆಯವರು ತಮಗೆ ಮಾತ್ರ ಬೇಕಾದ ನಾಲ್ಕು ಮಾತು ಬರೆದುಕೊಳ್ಳಬಹುದು. ಅಲ್ಲಿ ಅವರ ಮಾತೇ ನಡೆಯುತ್ತದೆ, ಕಾಮನ್ ಫೈಲಿನ ಮಾತು ನಡೆಯುವುದಿಲ್ಲ. ಯಾರ ಮೇಲೂ ಅವಳು ಇದನ್ನು ಹೇರಲಿಲ್ಲ. ಬಂದವರನ್ನು ಸೇರಿಸಿಕೊಂಡಳು, ಬಾರದವರಿಗೆ ಕಾದಳು. ಎಲ್ಲರೂ ಬರುವುದಕ್ಕೆ ವರ್ಷಗಳೇ ಹಿಡಿದವು.

ಫೈಲಿಗಿಂತ ಅವಳ ಇನ್ನೊಂದು ಪದ್ಧತಿ ಎಲ್ಲರಿಗೂ ಹೆಚ್ಚು ಗೊತ್ತಿತ್ತು. ಕಾಮನ್ ಫೈಲಿನಲ್ಲಿ ಒಂದೇ ಒಂದು ಸಾಲು ಬದಲಾಗಬೇಕಾದರೂ ಅವಳು ಮೊದಲು ಕೋಣೆಯಿಂದ ಕೋಣೆಗೆ ಹೋಗಿ, ಅಲ್ಲಿಯವರ ಪಕ್ಕ ಕೂತು, ಹೊಸ ಸಾಲು ಹಾಕಿ ಅವರ ಬಿಲ್ಡ್ ಮಾಡಿಸಿ, ಅದು ಹಸಿರಾಗುವವರೆಗೂ ಕಾಯುತ್ತಿದ್ದಳು. ಕಾಯುವಾಗ ಒಬ್ಬರ ಮನೆ ಬಾಡಿಗೆಯ ತಕರಾರು, ಇನ್ನೊಬ್ಬರ ಮಗುವಿನ ಹಲ್ಲುನೋವು ಎಲ್ಲ ಅವಳ ಕಿವಿಗೆ ಬೀಳುತ್ತಿತ್ತು. ಇದನ್ನು ಯಂತ್ರದಿಂದಲೇ ಮಾಡಿಸಬಹುದಲ್ಲ ಅತ್ತಿಗೆ ಎಂದು ಮೈದುನ ಕೇಳಿದ್ದ. ಮಾಡಿಸೋಣ, ಆದರೂ ನಾನು ಹೋಗುತ್ತೇನೆ ಎಂದಿದ್ದಳು. ಅವಳು ಬಂದರೆ ಕೂರಲು ಎಂದು ಪ್ರತಿ ಕೋಣೆಯಲ್ಲೂ ಒಂದು ಗಿಡ್ಡ ಸ್ಟೂಲು ಇಟ್ಟಿದ್ದರು. ಅದರ ಮೇಲೆ ಬೇರೆಯವರು ಕೂತರೆ, ಅತ್ತಿಗೆಯ ಸ್ಟೂಲು ಅದು, ಎದ್ದೇಳು ಎಂದು ತಮಾಷೆ ಮಾಡುತ್ತಿದ್ದರು.

ಈ ಸುತ್ತನ್ನು ಅವಳು ಶುರುಮಾಡುತ್ತಿದ್ದದ್ದು ಮೊಗಸಾಲೆಯ ಕೊನೆಯ ಕೋಣೆಯಿಂದ. ಅಲ್ಲಿ ಒಬ್ಬರೇ ಇದ್ದರು. ಯಾರು ಏನು ಬರೆದು ತೋರಿಸಿದರೂ ತಪ್ಪು ತಿದ್ದದೆ ಬಿಡದ ಅವರಿಗೆ ಮೇಷ್ಟ್ರು ಎಂದು ಹೆಸರು ಬಿದ್ದಿತ್ತು. ಕಚೇರಿಯಷ್ಟೇ ಹಳಬರು. ಎಲ್ಲಿಂದ ಎಲ್ಲಿಗೆ ಯಾವ ರಸ್ತೆಯಲ್ಲಿ ಹೋದರೆ ಹತ್ತಿರ ಎಂದು ಲೆಕ್ಕ ಹಾಕುವ ಭಾಗ ಅವರದು. ಆಂಬುಲೆನ್ಸಾಗಲಿ ಬಸ್ಸಾಗಲಿ, ದಾರಿ ಬೇಕೆಂದರೆ ಎಲ್ಲ ಕೋಣೆಯವರೂ ಅವರು ಕಟ್ಟಿಕೊಟ್ಟಿದ್ದನ್ನೇ ತೆಗೆದುಕೊಳ್ಳಬೇಕು. ಕಾಮನ್ ಫೈಲಿಗೆ ಎಲ್ಲರಿಗಿಂತ ಕೊನೆಗೆ ಬಂದವರೂ ಅವರೇ.

ಹೋದ ತಿಂಗಳು ಆ ಸ್ಟೂಲಿನ ಮೇಲೆ ಕೂತಿದ್ದಾಗ ಅತ್ತಿಗೆ, ಅವರ ಸ್ವಂತ ಸಾಲುಗಳಲ್ಲಿ ಒಂದನ್ನು ತೋರಿಸಿ, ಇದು ಈಗ ಯಾತಕ್ಕೂ ಬೇಕಾಗಿಲ್ಲವಲ್ಲ ಮೇಷ್ಟ್ರೇ, ತೆಗೆಯೋಣವೇ ಎಂದು ಕೇಳಿದಳು. ಅವತ್ತು ಅವರಿಗೆ ಏನು ಬೇಸರವಾಗಿತ್ತೋ. ಪರದೆಯಿಂದ ಕಣ್ಣು ತೆಗೆಯದೆ, "ಈ ಕೋಣೇಲಿ ಏನಿರಬೇಕು ಅಂತ ನಾನು ನೋಡ್ಕೋತೀನಿ. ಇನ್ಮೇಲೆ ನೀವು ಬಂದು ಕೂರೋದೇನೂ ಬೇಡ," ಎಂದುಬಿಟ್ಟರು. ಅವಳು ಸರಿ ಎಂದು ಎದ್ದು ಬಂದಳು. ಮುಖದಲ್ಲಿ ಏನನ್ನೂ ತೋರಿಸಿಕೊಳ್ಳಲಿಲ್ಲ. ಆದರೆ ಮಾತು ಎಲ್ಲೋ ಒಳಗೆ ನಾಟಿಕೊಂಡಿತ್ತು. ಮಾರನೆಯ ದಿನ ಮೊಗಸಾಲೆಯಲ್ಲಿ ಹೋಗುವಾಗ ನೋಡುತ್ತಾಳೆ, ಸ್ಟೂಲಿನ ಮೇಲೆ ಮೇಷ್ಟ್ರ ಚೀಲ ಕೂತಿದೆ. ಆಮೇಲೆ ಒಂದು ದಿನ ವೈರುಗಳ ಡಬ್ಬ ಸೇರಿತು. ಅದರ ಮೇಲೆ ಒಂದು ಹಳೆಯ ಕೀಬೋರ್ಡು.

ಅಷ್ಟರಲ್ಲಿ ಮೈದುನ ಒಂದು ಸಾಲು ಬರೆದು ತಂದ. ಬಿಲ್ಡ್ ಮಾಡುವಾಗ ಯಂತ್ರ ತಪ್ಪು ಕಂಡರೆ ನಿಲ್ಲುತ್ತದೆ. ತಪ್ಪಿರಬಹುದು ಎಂಬ ಬರಿಯ ಅನುಮಾನವಾದರೆ ಒಂದು ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಎಚ್ಚರಿಕೆ ಕಂಡರೂ ನಿಲ್ಲು, ಎನ್ನುವುದು ಮೈದುನನ ಸಾಲು. ಒಳ್ಳೆಯ ಸಾಲು. ಅತ್ತಿಗೆ ಅದನ್ನು ಹಿಡಿದು ಹತ್ತು ಕೋಣೆ ಸುತ್ತಿದಳು. ಅಲ್ಲಲ್ಲಿ ಇದ್ದ ಸಣ್ಣಪುಟ್ಟ ಎಚ್ಚರಿಕೆಗಳನ್ನು ಅವರವರ ಕೈಯಿಂದಲೇ ತಿದ್ದಿಸಿದಳು. ದಾರಿಯ ಭಾಗವನ್ನು ಮಾತ್ರ ಎಲ್ಲರೂ ಮೇಷ್ಟ್ರು ಮೊದಲೇ ಕಟ್ಟಿಟ್ಟಿದ್ದನ್ನೇ ತೆಗೆದುಕೊಂಡಿದ್ದರಿಂದ ಎಲ್ಲ ಕಡೆಯೂ ಹಸಿರು ಬಂತು. ಹನ್ನೊಂದನೆಯ ಕೋಣೆಯ ಬಾಗಿಲವರೆಗೆ ಹೋದಳು. ಸ್ಟೂಲಿನ ಮೇಲಿನ ಕೀಬೋರ್ಡು ಕಂಡಿತು. ತಿರುಗಿ ಬಂದು ಸಾಲನ್ನು ಸೇರಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಯಂತ್ರ ಎಲ್ಲವನ್ನೂ ಹೊಸದಾಗಿ ಕಟ್ಟಲು ಹೊರಟಿತು. ಮೇಷ್ಟ್ರ ಹಳೆಯ ಬರವಣಿಗೆಯಲ್ಲಿ ಎಚ್ಚರಿಕೆಗಳು ರಾಶಿ ರಾಶಿ ಇದ್ದವು. ಅಲ್ಲಿ ನಿಂತಿತು. ದಾರಿ ಸಿಗದೆ ಉಳಿದವೂ ನಿಂತವು.

ಅತ್ತಿಗೆ ಚೀಲವನ್ನು ನೆಲದ ಮೇಲೇ ಇಟ್ಟು, ಎದುರಿಗಿದ್ದ ಯಾರದೋ ಕಂಪ್ಯೂಟರಿನಲ್ಲಿ ಕೂತು, ಆ ಒಂದು ಸಾಲನ್ನು ಹಿಂದಕ್ಕೆ ತೆಗೆದಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಚೌಕ ಹಸಿರಾಯಿತು. ಅದರ ಹಿಂದೆ ಉಳಿದವು ಒಂದೊಂದಾಗಿ. ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಂಡು ಕುರ್ಚಿಗೆ ಒರಗುತ್ತಿದ್ದರು. ಅವಳು ಎದ್ದು ಕೋಣೆ ಕೋಣೆಗೂ ಹೋಗಿ, ಈ ಬೆಳಗಿನದು ನನ್ನ ತಪ್ಪು, ಈಗ ಸರಿಯಾಗಿದೆ, ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ ಎಂದು ಹೇಳಿ ಬಂದಳು. ಯಾರ ಸಾಲು ಎಂದು ಹೇಳಲಿಲ್ಲ. ಆಂಬುಲೆನ್ಸಿನ ಕೋಣೆಯಲ್ಲಿ ಮಾತ್ರ ಆ ಮಾತನ್ನು ಎರಡು ಸಲ ಹೇಳಿದಳು. ಊರ ಒಂದು ಸೇತುವೆ ಹಿಂದಿನ ಸಂಜೆ ಮುಚ್ಚಿತ್ತು. ಆ ಸೇತುವೆ ಬಿಟ್ಟು ಬೇರೆ ದಾರಿ ತೋರಿಸುವ ತಿದ್ದುಪಡಿ ಬೆಳಿಗ್ಗೆಯೇ ಹೋಗಬೇಕಾಗಿತ್ತು, ತಡವಾಯಿತು. ಚಾಲಕರಿಗೆ ಫೋನು ಮಾಡಿ ಮಾಡಿ ಹೇಳಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಆಗಬಹುದಿತ್ತು ಎನ್ನುವುದು ಆ ಕೋಣೆಯಲ್ಲಿದ್ದ ಎಲ್ಲರ ಮುಖದಲ್ಲೂ ಇತ್ತು.

ಕೊನೆಯ ಕೋಣೆಯ ಬಾಗಿಲಲ್ಲಿ ನಿಂತೇ ಹೇಳಿದಳು. ಮೇಷ್ಟ್ರು ಚಹಾದ ಲೋಟ ಕೈಯಲ್ಲಿ ಹಿಡಿದು ಪರದೆಯನ್ನೇ ನೋಡುತ್ತಿದ್ದರು. ಹೂಂ ಎಂದರು, ಅಷ್ಟೇ.

ಮ್ಯಾನೇಜರು ಕೆಟ್ಟವರಲ್ಲ. ಆದರೆ ಆ ಬೆಳಿಗ್ಗೆಯೆಲ್ಲ ಆಂಬುಲೆನ್ಸಿನವರ ಫೋನಿಗೆ ತಲೆಕೊಟ್ಟವರು ಅವರು. ಮಧ್ಯಾಹ್ನ ಅತ್ತಿಗೆಯನ್ನು ಕರೆದು, ಒಂದು ಸಾಲಿನಿಂದ ಹನ್ನೊಂದೂ ಬೀಳುವುದಾದರೆ ಈ ಕಾಮನ್ ಫೈಲು ನಮಗೆ ಯಾಕೆ, ಮೊದಲಿನ ಹಾಗೆ ಕೋಣೆಗೊಂದು ಇದ್ದರೆ ಬಿದ್ದದ್ದು ಒಂದೇ ಆಗುತ್ತಿತ್ತಲ್ಲ ಎಂದರು. ನಾಳೆ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಕೇಳುತ್ತೇನೆ, ಬೇಡ ಎಂದರೆ ತೆಗೆದುಬಿಡೋಣ ಎಂದೂ ಹೇಳಿದರು. ಅವಳು ಆಗಲಿ ಎಂದಳು. ತನ್ನ ಮೇಜಿಗೆ ಬಂದಮೇಲೆ ಬಹಳ ಹೊತ್ತು ಆ ಫೈಲನ್ನು ತೆರೆದು ಸುಮ್ಮನೆ ಮೇಲಿನಿಂದ ಕೆಳಗೆ ನೋಡುತ್ತ ಕೂತಿದ್ದಳು. ಯಾವ ಸಾಲು ಯಾವ ಕೋಣೆಯಿಂದ ಬಂತು, ಅದನ್ನು ಕೊಟ್ಟವರು ಆಗ ಏನಂದಿದ್ದರು ಎಲ್ಲ ಅವಳಿಗೆ ನೆನಪಿತ್ತು.

ಸಂಜೆ ಮನೆಗೆ ಬಂದಾಗ ಅತ್ತೆ ಮಂಚದ ಮೇಲೆ ಒಗೆದ ಬಟ್ಟೆಗಳ ಗುಡ್ಡೆ ಹಾಕಿಕೊಂಡು ಮಡಚುತ್ತಿದ್ದರು. ಮಗನ ಮುಖ, ಸೊಸೆಯ ಮುಖ ಒಂದಾದಮೇಲೊಂದು ನೋಡಿ, "ಯಾರು ಸತ್ತರು?" ಎಂದು ಕೇಳಿದರು.

ಯಾರೂ ಇಲ್ಲ ಅತ್ತೆ ಎಂದು ಅವಳು ಅಡುಗೆಮನೆಗೆ ಹೋದಳು. ಮೈದುನ ತಾಯಿಯ ಹತ್ತಿರ ಕೂತು ನಡೆದದ್ದನ್ನು ಅವರಿಗೆ ತಿಳಿಯುವ ಹಾಗೆ ಹೇಳಿದ. ಅವರಿಗೆ ಎಷ್ಟು ತಿಳಿಯಿತೋ, ಇವನು ಮಾಡಿದ ಕೆಲಸದಿಂದ ಎಲ್ಲರಿಗೂ ತೊಂದರೆಯಾಯಿತು ಎನ್ನುವುದಂತೂ ತಿಳಿಯಿತು. ಚಿಕ್ಕವನಿದ್ದಾಗ ಇವನು ಮೇಲಿನ ನಲ್ಲಿ ತಿರುಗಿಸಿಟ್ಟು ಆಡಲು ಹೋಗಿ ಮೂರು ಮನೆಯ ಹಾಸಿಗೆ ನೆನೆಸಿದ್ದರ ಮಾತು ತೆಗೆದರು. ಕನ್ನಡಕದ ಅಂಗಡಿ ಮುಚ್ಚಿ ಆಗಷ್ಟೇ ಬಂದಿದ್ದ ಅವನ ಅಣ್ಣ, ಅತ್ತಿಗೆಯ ಗಂಡ, ಅದರಲ್ಲಿ ಒಂದು ಹಾಸಿಗೆ ನನ್ನದು ಎಂದು ಸೇರಿಸಿದ. ಮೈದುನ ನಗಲಿಲ್ಲ. ತಟ್ಟೆಯ ಮುಂದೆ ಕೂತವನು ಊಟ ಮಾಡುವುದೂ ಇಲ್ಲ, ಏಳುವುದೂ ಇಲ್ಲ.

"ನಾಳೆ ನಾನೇ ಎದ್ದು ಹೇಳ್ತೀನಿ ಅತ್ತಿಗೆ. ಆ ಸಾಲು ನಂದು ಅಂತ."

"ಹೇಳು. ಸಾಲು ಒಳ್ಳೇದು ಅಂತಾನೂ ಹೇಳು. ಒಂದು ಕೋಣೆಗೆ ಹೋಗದೆ ಬಿಟ್ಟವಳು ನಾನು. ಅದನ್ನ ನಾನು ಹೇಳ್ಕೋತೀನಿ."

"ಯಾಕೆ ಹೋಗ್ಲಿಲ್ಲ ನೀವು?"

ಅವಳು ಪಾತ್ರೆ ಒರೆಸುತ್ತಿದ್ದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು. "ಮುನಿಸು," ಎಂದಳು.

ಮಂಚದ ಮೇಲಿನಿಂದ ಅತ್ತೆ ನಕ್ಕರು. "ಮದುವೆಯಾದ ಹೊಸದರಲ್ಲಿ ನಾನೊಂದು ಮಾತಂದೆ ಅಂತ ನನ್ನ ಕೋಣೆ ಹೊಸ್ತಿಲು ತುಳೀಲಿಲ್ಲ ಇವಳು. ಊಟಕ್ಕೆ ಕರೆಯೋದಕ್ಕೂ ಇವನನ್ನೇ ಕಳಿಸ್ತಿದ್ದಳು. ಪಾಪ ಆ ಕೊನೇ ಕೋಣೆ ಮನುಷ್ಯ, ಒಬ್ಬನೇ ಕೂತು ಏನು ಮಾಡ್ತಿದ್ದಾನೋ."

ಮರುದಿನ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಸೇರಿದರು. ಮೇಷ್ಟ್ರು ಕೊನೆಗೆ ಬಂದು ಬಾಗಿಲ ಪಕ್ಕದ ಕುರ್ಚಿ ಹಿಡಿದರು. ಮ್ಯಾನೇಜರು ನಡೆದದ್ದನ್ನು ಏರಿಸದೆ ಇಳಿಸದೆ ಹೇಳಿದರು. ಮೈದುನ ಎದ್ದು ಸಾಲು ತನ್ನದು ಎಂದ. ಕಿವಿ ಕೆಂಪಾಗಿತ್ತು, ಮಾತು ತಡವರಿಸಲಿಲ್ಲ. ಅತ್ತಿಗೆ, ಹತ್ತು ಕೋಣೆಗೆ ಹೋಗಿ ಹನ್ನೊಂದನೆಯದಕ್ಕೆ ಹೋಗದೆ ಇದ್ದದ್ದು ತಾನು ಎಂದಳು. ಯಾಕೆ ಎಂದು ಹೇಳಲಿಲ್ಲ. ಫೈಲನ್ನು ಉಳಿಸಿ ಎಂದೂ ಕೇಳಲಿಲ್ಲ. ಕೆಲವರು ಅವಳ ಪರವಾಗಿ ಒಂದೆರಡು ಮಾತಾಡಿದರು. ವ್ಯಾನಿನ ಕೋಣೆಯ ಹಿರಿಯ ಮಾತ್ರ, ಅತ್ತಿಗೆಯ ಮೇಲೆ ನನ್ನದೇನೂ ಇಲ್ಲ, ಆದರೆ ನನ್ನ ಬಿಲ್ಡ್ ಬೀಳುವುದಾದರೆ ನನ್ನ ತಪ್ಪಿನಿಂದಲೇ ಬೀಳಲಿ, ನಮ್ಮದು ನಮಗೆ ಕೊಟ್ಟುಬಿಡಿ ಎಂದ. ಅವನು ಹಾಗೆಂದಮೇಲೆ ಹೌದು ಹೌದು ಎನ್ನುವ ತಲೆಗಳೂ ಕಂಡವು. ಅತ್ತಿಗೆ ಮೇಜಿನ ಅಂಚನ್ನು ಬೆರಳಿನಿಂದ ಸವರುತ್ತ ಕೂತಿದ್ದಳು.

ಮೊದಲು ಬಿದ್ದದ್ದು ನಿಮ್ಮದು, ನೀವು ಹೇಳಿ ಎಂದು ಮ್ಯಾನೇಜರು ಮೇಷ್ಟ್ರ ಕಡೆ ತಿರುಗಿದರು. ಇವರು ಏನನ್ನುತ್ತಾರೆಂದು ಎಲ್ಲರಿಗೂ ಗೊತ್ತಿದ್ದ ಹಾಗಿತ್ತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

"ನನ್ನ ಮಗಳ ಹೆರಿಗೆ ದಿನ ನಾನು ಇಲ್ಲಿದ್ದೆ," ಎಂದರು.

ಆಮೇಲೆ ನಿಧಾನವಾಗಿ ಹೇಳಿದರು. ಆಗಿನ್ನೂ ಅತ್ತಿಗೆ ಬಂದಿರಲಿಲ್ಲ. ಬಿಲ್ಡಿಗೆ ಬೇಕಾದ ಸಲಕರಣೆ ಮಾಡುವವರು ಅದರಲ್ಲಿ ಏನೋ ಬದಲಾಯಿಸಿದ್ದರಿಂದ ಇದ್ದಕ್ಕಿದ್ದಂತೆ ಕೆಲಸ ನಿಂತಿತ್ತು. ತಮ್ಮ ಫೈಲಿನಲ್ಲಿ ಯಾವುದೋ ಒಂದು ಸಾಲು ತಿದ್ದಬೇಕು, ಯಾವುದು ಎಂದು ತಿಳಿಯದು. ಆಸ್ಪತ್ರೆಯಿಂದ ಹೆಂಡತಿ ಎರಡು ಸಲ ಫೋನು ಮಾಡಿದರು. ಇನ್ನೇನು ಸಿಕ್ಕಿತು ಎನ್ನುತ್ತ ಸಂಜೆಯಾಯಿತು. ಸಿಕ್ಕಿತು. ಓಡಿಹೋದಾಗ ಮಗುವನ್ನು ತೊಳೆದು ಮಲಗಿಸಿದ್ದರು.

"ಎಷ್ಟೋ ದಿನ ಆದಮೇಲೆ ಗೊತ್ತಾಯ್ತು. ಅವತ್ತೇ ಬಸ್ಸಿನ ಕೋಣೆಯವರೂ ಅದೇ ಸಾಲು ಹುಡುಕ್ತಾ ಕೂತಿದ್ದರಂತೆ. ಅವರಿಗೆ ಬೆಳಿಗ್ಗೇನೇ ಸಿಕ್ಕಿತ್ತಂತೆ." ಮೇಷ್ಟ್ರು ಕನ್ನಡಕ ಹಾಕಿಕೊಂಡರು. "ನಡುವೆ ಒಂದು ಗೋಡೆ. ಅವರು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ."

ಆಮೇಲೆ ಮೇಜಿನ ಸುತ್ತ ಒಮ್ಮೆ ಕಣ್ಣಾಡಿಸಿದರು.

"ಮೊನ್ನೆ ಮೊನ್ನೆ ಅಂಥದ್ದೇ ಬದಲಾವಣೆ ಬಂತು. ನಿಮ್ಮಲ್ಲಿ ಯಾರಿಗಾದರೂ ಗೊತ್ತಾಯ್ತಾ? ಗೊತ್ತಾಗಲಿಲ್ಲ. ಇವರು ಒಂದು ಕಡೆ ತಿದ್ದಿದರು, ನಾವೆಲ್ಲ ಮನೆಗೆ ಹೋದ್ವಿ. ನಿನ್ನೆ ಬಿತ್ತು ಅಂತೀರಿ, ಸರಿ, ಬಿತ್ತು. ನಾನು ಚಹಾ ತರೋದಕ್ಕೆ ಹೋದೆ. ಬರೋಷ್ಟರಲ್ಲಿ ಎದ್ದಿತ್ತು. ನಾನು ಕೈ ಹಚ್ಚಲೇ ಇಲ್ಲ."

ಬಿದ್ದದ್ದಂತೂ ನಿಜವಲ್ಲ ಎಂದು ಮ್ಯಾನೇಜರು ಮೆಲ್ಲಗೆ ಕೇಳಿದರು.

"ನನ್ನ ಕೋಣೇಲಿ ಇವರು ಬಂದು ಕೂರಲಿಲ್ಲ, ಅದಕ್ಕೆ ಬಿತ್ತು. ಬರಬೇಡಿ ಅಂದವನು ನಾನು." ಅವರು ಅತ್ತಿಗೆಯ ಕಡೆ ನೋಡಲಿಲ್ಲ, ವ್ಯಾನಿನ ಕೋಣೆಯವನ ಕಡೆ ನೋಡಿದರು. "ನನ್ನ ಸಾಲುಗಳು ಇವರಿಗೆ ನನಗಿಂತ ಚೆನ್ನಾಗಿ ಗೊತ್ತು ಕಣಯ್ಯ. ಇಷ್ಟು ವರ್ಷದಲ್ಲಿ ಒಂದನ್ನೂ ನನ್ನ ಕೇಳದೆ ಮುಟ್ಟಲಿಲ್ಲ. ತೆಗೀಲಾ ಅಂತ ಕೇಳಿದರು, ಅಷ್ಟಕ್ಕೇ ನಾನು ಹಾರಾಡಿದೆ. ಅದು ಬೇಡದ ಸಾಲೇ ಆಗಿತ್ತು. ಆವತ್ತೇ ಸಂಜೆ ತೆಗೆದುಹಾಕಿದ್ದೀನಿ."

ಅತ್ತಿಗೆ ತಲೆಯೆತ್ತಿದಳು. ಈ ಕೊನೆಯದು ಅವಳಿಗೂ ಗೊತ್ತಿರಲಿಲ್ಲ.

ವ್ಯಾನಿನ ಕೋಣೆಯವನು ಕುರ್ಚಿಯಲ್ಲಿ ಒಮ್ಮೆ ಹೊರಳಿ, ಅಲ್ಲ ಮೇಷ್ಟ್ರೇ, ನೀವೇ ಹೀಗೆ ಅಂದಮೇಲೆ ನಾನು ಇನ್ನೇನು ಹೇಳಲಿ, ನಮ್ಮ ಕೋಣೆಯ ಸ್ಟೂಲಿಗೆ ಒಂದು ದಿಂಬು ಹಾಕಿಸುತ್ತೇನೆ ಬಿಡಿ ಎಂದ. ಮೇಜಿನ ಸುತ್ತ ನಗು ಎದ್ದಿತು. ಬಿಗಿದುಕೊಂಡಿದ್ದ ಹೆಗಲುಗಳೆಲ್ಲ ಸಡಿಲಾದವು. ಮ್ಯಾನೇಜರೂ ನಕ್ಕರು, ಆದರೆ ಸುಮ್ಮನೆ ಬಿಡಲಿಲ್ಲ. ಫೈಲು ಇರಲಿ, ಒಂದು ಕೋಣೆ ತಪ್ಪಿದರೂ ಸಾಲು ಒಳಗೆ ಹೋಗಕೂಡದು, ಮತ್ತು ಸಾಲು ಬರೆದವರೂ ಅತ್ತಿಗೆಯ ಜೊತೆ ಸುತ್ತಬೇಕು ಎಂದರು. ಮೈದುನ ತಲೆಯಾಡಿಸಿದ.

ಅದಾದ ಮೇಲೆ ಕೆಲವು ದಿನ ಕೊನೆಯ ಕೋಣೆಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಮೇಷ್ಟ್ರು ಊಟಕ್ಕೂ ತಡವಾಗಿ ಬರುತ್ತಿದ್ದರು. ಏನು ಮಾಡುತ್ತಿದ್ದಾರೆ ಎಂದು ಯಾರೂ ಕೇಳಲಿಲ್ಲ. ಆದರೆ ಅವರ ಬಿಲ್ಡಿನಲ್ಲಿ ರಾಶಿ ಬಿದ್ದಿದ್ದ ಎಚ್ಚರಿಕೆಗಳು ದಿನದಿಂದ ದಿನಕ್ಕೆ ಕರಗುತ್ತಿದ್ದದ್ದು ಅತ್ತಿಗೆಯ ಪರದೆಯಲ್ಲಿ ಕಾಣುತ್ತಿತ್ತು. ಅವಳೂ ಅದರ ಮಾತೆತ್ತಲಿಲ್ಲ. ರಾಶಿ ಪೂರ್ತಿ ಕರಗಿದ ಬೆಳಿಗ್ಗೆ ಮೈದುನನ ಹತ್ತಿರ ಬಂದು, "ಏಳಪ್ಪ, ನಿನ್ನ ಸಾಲು ತಗೊಂಡು ಬಾ," ಎಂದಳು.

ಮೊದಲಿನ ಹಾಗೆ ಮೊಗಸಾಲೆಯ ಕೊನೆಯಿಂದಲೇ ಶುರು. ಇಬ್ಬರೂ ಹೋದರು. ಬಾಗಿಲು ಪೂರ್ತಿ ತೆರೆದಿತ್ತು. ಮೇಷ್ಟ್ರ ಚೀಲ, ವೈರುಗಳ ಡಬ್ಬ, ಹಳೆಯ ಕೀಬೋರ್ಡು ಮೂರೂ ಕಿಟಕಿಯ ಕಟ್ಟೆ ಸೇರಿದ್ದವು. ಸ್ಟೂಲಿನ ಧೂಳು ಒರೆಸಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಸ್ಟೂಲು ಇತ್ತು, ಹೊಸದು, ಅಂಗಡಿಯವರ ಚೀಟಿ ಇನ್ನೂ ಕಾಲಿಗೆ ಅಂಟಿಕೊಂಡಿತ್ತು.

ಮೇಷ್ಟ್ರು ತಿರುಗಿ ನೋಡಲಿಲ್ಲ. ತಮ್ಮ ಕುರ್ಚಿಯನ್ನು ಒಂದು ಗೇಣು ಬದಿಗೆ ಸರಿಸಿಕೊಂಡರು, ಇಬ್ಬರಿಗೂ ಪರದೆ ಕಾಣುವ ಹಾಗೆ.